ಥೆರಪಿಗೋಸ್ಕರ ಊರು ಬಿಡ್ಬೇಕಾ? ಮಗಂಗೆ ಆಟಿಸಂ ಅಂದಿದಾರೆ

ಕಡೂರಮ್ಮ: ಮಗಂಗೆ ಮೂರೂವರೆ ವರ್ಷ. ಹೆಸರು ಕೂಗಿದ್ರೆ ತಿರುಗಲ್ಲ, ಏನಾದ್ರೂ ಬೇಕಂದ್ರೆ ನನ್ ಕೈ ಎಳ್ಕೊಂಡೋಗಿ ಅದ್ರ ಮೇಲಿಡ್ತಾನೆ, ಮುಂಚೆ ಅಮ್ಮ ಅಜ್ಜಿ ಅಂತಿದ್ದ ಈಗ ಅದೂ ನಿಂತೋಗಿದೆ. ಡಾಕ್ಟ್ರು ಆಟಿಸಂ ಅಂದ್ರು. ಅತ್ತೆ "ನಿನ್ ಗಂಡನೂ ಮಾತಾಡಿದ್ದು ನಾಲ್ಕು ತುಂಬಿದ್ಮೇಲೇ" ಅಂತಾರೆ. ಬೆಂಗಳೂರಿನ ಒಂದ್ ಸೆಂಟರ್‌ನವ್ರು ದಿನಾ ಥೆರಪಿ ಬೇಕು, ಇಲ್ಲೇ ಬಂದ್ಬಿಡಿ ಅಂದ್ರು. ಯಜಮಾನ್ರು ತೋಟ ಬಿಟ್ಟು ಬರೋ ಹಾಗಿಲ್ಲ. ನಾನೊಬ್ಳೇ ಮಗೂನ ಕರ್ಕೊಂಡು ಬಾಡಿಗೆ ಮನೆ ಮಾಡ್ಲಾ?

ಸಿಲ್ಕ್‌ಬೋರ್ಡ್ ಸಂತ್ರಸ್ತ: ಮಾಡಿ, ಯೋಚ್ನೆ ಬೇಡ. ನಿಮ್ಹಾನ್ಸ್ ಇದೆ, ಸ್ಪೀಚ್ ಥೆರಪಿ, ಓಟಿ (ಆಕ್ಯುಪೇಷನಲ್ ಥೆರಪಿ, ದಿನನಿತ್ಯದ ಕೆಲಸ ಕಲಿಸೋದು) ಎಲ್ಲಾ ಸಿಗತ್ತೆ. ಈ ವಯಸ್ಸು ಹೋದ್ರೆ ಮತ್ತೆ ಬರಲ್ಲ.

ತುಂಗಾತೀರ: ಸ್ವಲ್ಪ ತಡೀರಿ. ಮೊದ್ಲು ಕಿವಿ ಟೆಸ್ಟ್ ಆಗಿದ್ಯಾ? ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋಗಿ, 1965ರಿಂದ ಇದೆ, ಕೇಂದ್ರ ಸರ್ಕಾರದ್ದು, ಕಿವಿ ಮಾತು ಎಲ್ಲಾ ಅಲ್ಲೇ ನೋಡ್ತಾರೆ, ಕಡೂರಿಂದ ಅರಸೀಕೆರೆ ಹಾಸನ ಮೇಲೆ ಟ್ರೈನೂ ಇದೆ. ಥೆರಪಿ ಅಂದ್ರೆ ಮುಕ್ಕಾಲು ಗಂಟೆ, ಉಳಿದ ದಿನವೆಲ್ಲಾ ಮಗು ನಿಮ್ಮತ್ರಾನೇ ಇರತ್ತೆ. ಬಿಸ್ಕತ್ ಡಬ್ಬಿ ಮುಚ್ಚಿ ಕೈಗೆ ಕೊಟ್ಟು, ಅವನಾಗೇ ಕೇಳೋವರ್ಗೂ ಕಾಯೋದು, ಕೈ ತೋರಿಸಿದ್ರೂ ಸಾಕು, ತಕ್ಷಣ "ತೆಗಿ" ಅಂತ ನೀವು ಹೇಳಿ ತೆಗ್ಯೋದು, ಇಂಥದ್ದನ್ನ ಅಮ್ಮಂಗೆ ಕಲಿಸ್ಕೊಡೋ ಥೆರಪಿಸ್ಟ್ ಹುಡುಕಿ. ಅಮ್ಮನ್ನ ಹೊರಗೆ ಕೂರ್ಸಿ ಬಾಗಿಲು ಹಾಕ್ಕೊಳ್ಳೋ ಸೆಂಟರ್ ಬೇಡ.

ಸಿಲ್ಕ್‌ಬೋರ್ಡ್ ಸಂತ್ರಸ್ತ: ಮೂರು ತಿಂಗಳಿಗೊಂದ್ಸಲ ಮೈಸೂರಿಗೆ ಹೋಗ್ಬಂದ್ರೆ ಆಗೋ ಕೆಲ್ಸ ಅಲ್ಲ ಇದು.

ತುಂಗಾತೀರ: ಅದಕ್ಕೇ ಜಿಲ್ಲಾಸ್ಪತ್ರೆಲಿ ಡಿಇಐಸಿ, ಅಂದ್ರೆ ಮಕ್ಕಳ ಬೆಳವಣಿಗೆ ತೊಂದ್ರೆಗೆ ಬೇಗ ಚಿಕಿತ್ಸೆ ಕೊಡೋ ಸರ್ಕಾರಿ ಕೇಂದ್ರ, ವಿಚಾರಿಸಿ ಅನ್ನೋದು, ಮುಖ್ಯವಾಗಿ ಆರು ವರ್ಷದೊಳಗಿನ ಮಕ್ಕಳಿಗೆ ಅಂತ ಮಾಡಿರೋದು. ಸ್ಪೀಚ್‌ನವ್ರು ಎಲ್ಲಾ ಕಡೆ ಇರ್ತಾರೆ ಅಂತ ನಾನೇನೂ ಹೇಳಲ್ಲ, ಫೋನ್ ಮಾಡ್ಕೊಂಡೇ ಹೋಗಿ.

ಗುಳೇದಗುಡ್ಡ: ನಮ್ಮ ಕಡೆ ಮೊದಲ ಇದೆಲ್ಲಾ ಎಲ್ಲಿತ್ರೀ? ಕೂಸಿನ ಕೈಯಾಗ ಮೊಬೈಲ್ ಕೊಟ್ರ ಮಾತು ಎಲ್ಲಿಂದ ಬರ್ತದ. ಲಸಿಕಿಯಿಂದನೂ ಆಗ್ತದಂತ ವಾಟ್ಸಾಪ್‌ನ್ಯಾಗ ಬಂದಿತ್ತು.

ಬೆಣ್ಣೆದೋಸೆ: ಮೊದ್ಲೂ ಇತ್ತು ಸಾರ್, ಮೂಗ, ಪೆದ್ದ, ಗಾಳಿ ಸೋಕಿದೆ ಅಂತಿದ್ವಿ ಅಷ್ಟೇ. ಲಸಿಕೆ ಕಥೆ ಹುಟ್ಸಿದ್ದು ವೇಕ್‌ಫೀಲ್ಡ್ ಅನ್ನೋ ಬ್ರಿಟಿಷ್ ಡಾಕ್ಟ್ರು, 1998ರಲ್ಲಿ. ಆ ಲೇಖನಾನ ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ವಾಪಸ್ ತಗೊಂಡಿತು, ಅವ್ರ ಡಾಕ್ಟರ್ ರಿಜಿಸ್ಟ್ರೇಷನ್ನೂ ಹೋಯ್ತು. ಮೊಬೈಲ್ ಕಮ್ಮಿ ಮಾಡೋದು ಒಳ್ಳೇದೇ, ಆದ್ರೆ ನೀನು ಮೊಬೈಲ್ ಕೊಟ್ಟಿದ್ದಕ್ಕೇ ಹೀಗಾಯ್ತು ಅಂತ ತಾಯಿ ತಲೆಗೆ ಕಟ್ಬೇಡಿ. ನಂಗೂ ಕಟ್ಟಿದ್ರು, ಮಗ ಹುಟ್ಟಿದಾಗ ನಮ್ಮನೇಲಿ ಇದ್ದಿದ್ದು ಲ್ಯಾಂಡ್‌ಲೈನು.

ಹೊಸಬ2023: ಸ್ಟೆಮ್ ಸೆಲ್ ಮಾಡಿಸಿದ್ರೆ ಪೂರ್ತಿ ಗುಣ ಆಗತ್ತಂತೆ, ಯಾರಾದ್ರೂ ಟ್ರೈ ಮಾಡಿದೀರಾ?

ತುಂಗಾತೀರ: ದಯವಿಟ್ಟು ಬೇಡ. ಆಟಿಸಂಗೆ ಅದನ್ನ ಶಿಫಾರಸು ಮಾಡಲ್ಲ ಅಂತ 2022ರಲ್ಲೇ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದೆ. ಲಕ್ಷಗಟ್ಲೆ ಕಳ್ಕೋತೀರ.

ಮಿಕ್ಸಿ ಶಬ್ದ: ನನಗೇ ಆಟಿಸಂ ಇದೆ, ಗೊತ್ತಾಗಿದ್ದು ಕೆಲಸಕ್ಕೆ ಸೇರಿದ್ಮೇಲೆ. ಕಡೂರಮ್ಮ ಅಕ್ಕಾ, ಎಲ್ಲಿಗಾದ್ರೂ ಹೋಗಿ, ಆದ್ರೆ ಮಗು ಕೈ ಆಡಿಸೋದನ್ನ ನಿಲ್ಸೋದು, ಗಲ್ಲ ಹಿಡಿದು ಕಣ್ಣಲ್ಲಿ ಕಣ್ಣಿಟ್ಟು ನೋಡು ಅನ್ನೋದು, ಇಂಥಾ ಕಡೆ ಬಿಡ್ಬೇಡಿ. ಮುಖ ನೋಡೋಕೆ ಅಂತ ತಲೆ ಖರ್ಚು ಮಾಡಿದ್ರೆ ಎದುರಿನವ್ರ ಮಾತು ನನಗೆ ಕಿವಿಗೇ ಹೋಗಲ್ಲ. ಗುಣ ಮಾಡ್ಬೇಕು ಅಂತ ಎಲ್ರೂ ಹೊರಡ್ತೀರ, ಆ ಹುಡುಗಂಗೆ ಯಾವ ಶಬ್ದ ಆಗಲ್ಲ, ಯಾವ ಬಟ್ಟೆ ಚುಚ್ಚತ್ತೆ ಅಂತ ಒಬ್ರೂ ಕೇಳಿಲ್ಲ ಇಲ್ಲಿ.

ಬೆಣ್ಣೆದೋಸೆ: ನೀನು ಟೈಪ್ ಮಾಡಿ ಹೇಳ್ತೀಯಪ್ಪಾ. ನನ್ ಮಗಂಗೆ ಹದಿನೆಂಟಾಗ್ತಾ ಬಂತು, ಹಲ್ಲು ನೋವು ಅಂತ ಹೇಳಕ್ಕಾಗ್ದೆ ಕೈ ಕಚ್ಕೊಂಡು ರಕ್ತ ಮಾಡ್ಕೊಂಡ. ಹಂಗಿದ್ರೆ ಇರ್ಲಿ ಬಿಡಿ ಅನ್ನಕ್ಕಾಗುತ್ತಾ?

ಮಿಕ್ಸಿ ಶಬ್ದ: ಬಿಡಿ ಅನ್ಲಿಲ್ಲ ಆಂಟಿ. ಹಲ್ಲು ನೋವು ಅಂತ ಹೇಳೋಕೆ ದಾರಿ ಮಾಡ್ಕೊಡಿ ಅಂದೆ. ಚಿತ್ರದ ಕಾರ್ಡು, ಟ್ಯಾಬು, ಸನ್ನೆ, ಏನಾದ್ರೂ. ಬಾಯಲ್ಲೇ ಬರ್ಲಿ ಅಂತ ಕಾಯ್ತಾ ಕೂರೋದ್ರಲ್ಲೇ ವರ್ಷ ಹೋಗ್ಬಿಡುತ್ತೆ.

ಬೆಣ್ಣೆದೋಸೆ: ಕಾರ್ಡು ಕೊಟ್ರೆ ಮಾತೇ ಬರಲ್ಲ ಅಂತ ನಮಗೆ ಹೆದರ್ಸಿದ್ರು.

ತುಂಗಾತೀರ: ಅದು ಸುಳ್ಳು, ಕಾರ್ಡು ಮಾತಿಗೆ ಅಡ್ಡ ಬರಲ್ಲ, ಈಗ್ಲೂ ಶುರು ಮಾಡ್ಬಹುದು.

ಬೆಣ್ಣೆದೋಸೆ: ನೋಡ್ತೀನಿ. ಆದ್ರೆ ಕಾರ್ಡ್ ಹಿಡ್ಕೊಂಡು ನಾನು ಎಷ್ಟ್ ವರ್ಷ ಇರ್ತೀನಿ, ಆಮೇಲೆ ಯಾರು, ಅದಕ್ಕೆ ನಿಮ್ಮಲ್ಲಿ ಯಾರತ್ರನೂ ಉತ್ತರ ಇಲ್ಲ. ಕಡೂರಮ್ಮ, ಯುಡಿಐಡಿ ಅಂತ ಅಂಗವಿಕಲರ ಗುರುತಿನ ಕಾರ್ಡಿಗೆ ಈಗ್ಲೇ ಅರ್ಜಿ ಹಾಕಮ್ಮ, ಐಸಾ ಅಂತ 40 ಪ್ರಶ್ನೆದು ಟೆಸ್ಟ್ ಮಾಡ್ತಾರೆ, ಅಂಗವೈಕಲ್ಯ ಶೇ. 40 ಅಥವಾ ಜಾಸ್ತಿ ಅಂತ ಬಂದ್ರೆ ಸೌಲಭ್ಯಗಳ ಬಾಗಿಲು ತೆಗ್ಯುತ್ತೆ. ನಿರಾಮಯ ಇನ್ಶೂರೆನ್ಸ್ 1 ಲಕ್ಷದವರೆಗೆ, ಥೆರಪಿ ಖರ್ಚೂ ಸ್ವಲ್ಪ ಬರುತ್ತೆ. ಪಂಚಾಯ್ತಿಲಿ ವಿಆರ್‌ಡಬ್ಲ್ಯೂ, ಅಂದ್ರೆ ಅಂಗವಿಕಲರ ಕೆಲ್ಸ ನೋಡೋ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರ್ತಾರೆ, ಅವ್ರನ್ನ ಹಿಡಿ, ಇಲ್ದಿದ್ರೆ ಸೈಬರ್ ಸೆಂಟರ್‌ಗೇ ಅಲೀತೀಯ. ನಾನೀಗ ಗಾರ್ಡಿಯನ್‌ಶಿಪ್‌ಗೆ ಓಡಾಡ್ತಿದೀನಿ, ಹದಿನೆಂಟಾದ್ಮೇಲೆ ತಾಯಿ ಅಂದ್ರೂ ಬ್ಯಾಂಕಲ್ಲಿ ನಡ್ಯಲ್ಲ, ಡಿಸಿ ಸಮಿತಿ ಮುಂದೆ ಹೋಗ್ಬೇಕು.

ಗುಳೇದಗುಡ್ಡ: ನಮ್ಮ ಅಕ್ಕನ ಮಗನೂ ಹಿಂಗ ಅದಾನ್ರಿ, ಒಂಬತ್ತು ವರ್ಷ, ಸಾಲ್ಯಾಗ ತಗೋವಲ್ರು. ಅದಕ್ಕ ಕೇಳಿದ್ದು.

ಬೆಣ್ಣೆದೋಸೆ: ಬೇಡ ಅನ್ನೋ ಹಾಗಿಲ್ಲ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಲಿ ಆಟಿಸಂ ಇದೆ. ಬಿಇಓ ಆಫೀಸಿಗೆ ಅರ್ಜಿ ಬರೆದು ಕೊಡಿ, ಬಾಯ್ಮಾತಲ್ಲಿ ಬೇಡ, ಸ್ವೀಕೃತಿ ತಗೊಳ್ಳಿ. ಇಂಥ ಮಕ್ಕಳಿಗೆ ಕಲಿಸೋಕೆ ನೆರವಾಗೋ ಬಿಐಇಆರ್‌ಟಿ ಟೀಚರ್ ಯಾರು ಅಂತಾನೂ ಅಲ್ಲೇ ಕೇಳಿ.

ಕಡೂರಮ್ಮ: ಎಲ್ರಿಗೂ ಥ್ಯಾಂಕ್ಸ್. ಮೊದ್ಲು ಮೈಸೂರಿಗೆ ಹೋಗೋದು ಅಂತ ಮಾಡಿದೀವಿ, ಬಾಡಿಗೆ ಮನೆ ಆಮೇಲೆ. ಯಾವ ಶಬ್ದ ಆಗಲ್ಲ ಅಂತ ಕೇಳಿದ್ರಲ್ಲ, ನಮ್ಮೋನು ಕುಕ್ಕರ್ ವಿಷಲ್‌ಗೆ ಕಿವಿ ಮುಚ್ಕೊಂಡು ಹಟ್ಟಿಗೆ ಓಡ್ತಾನೆ, ನಾವು ಹಟ ಅಂದ್ಕೊಂಡಿದ್ವಿ. ಅಲ್ಲಿ ರಿಜಿಸ್ಟ್ರೇಷನ್‌ಗೆ ಬೆಳಿಗ್ಗೆ ಎಷ್ಟೊತ್ತಿಗೆ ಹೋಗ್ಬೇಕು, ಯಾರಿಗಾದ್ರೂ ಗೊತ್ತಾ?