ಪಣಂಬೂರಿನಲ್ಲಿ ದೊಡ್ಡ ಸರಕು ಹಡಗುಗಳನ್ನು ಡ್ರೋನಿನಿಂದ ಚಿತ್ರೀಕರಿಸುವುದು ಹೇಗೆ?

ಪ್ರಶ್ನೆ – ಸುರತ್ಕಲ್‌ವಾಸಿ

ಪಣಂಬೂರಿನಲ್ಲಿರುವ ನವಮಂಗಳೂರು ಬಂದರಿನ ಕುರಿತು ಒಂದು ಕಿರು ಸಾಕ್ಷ್ಯಚಿತ್ರವನ್ನು ಸಿದ್ಧಪಡಿಸುತ್ತಿದ್ದೇನೆ. ಸರದಿಗಾಗಿ ಕಾಯುತ್ತ ಕಡಲಿನಲ್ಲಿ ಲಂಗರು ಹಾಕಿ ನಿಂತಿರುವ ಕಲ್ಲಿದ್ದಲು ಹಡಗುಗಳನ್ನೂ ಟಗ್‌ಗಳ (ಹಡಗನ್ನು ಎಳೆದು ತಳ್ಳುವ ಸಣ್ಣ ನೌಕೆಗಳ) ನೆರವಿನಿಂದ ಒಳಬರುವ ಕಂಟೈನರ್ ಹಡಗುಗಳನ್ನೂ ಮೇಲಿನಿಂದ ತೋರಿಸಬೇಕೆಂಬುದು ನನ್ನ ಉದ್ದೇಶ. ನನ್ನ ಡ್ರೋನಿನ ತೂಕ ಸುಮಾರು ಮುಕ್ಕಾಲು ಕಿಲೋ. ಅದರಲ್ಲಿ 24 ಮಿ.ಮೀ. ಮತ್ತು 70 ಮಿ.ಮೀ.ಗೆ ಸಮನಾದ ಎರಡು ಲೆನ್ಸ್‌ಗಳಿವೆ. ಪರಿಚಯದವರೊಬ್ಬರ ಮೀನುಗಾರಿಕೆ ಬೋಟು ದೊರೆಯುತ್ತದೆ. ದಡದಿಂದ ಹಾರಿಸುವುದು ಒಳ್ಳೆಯದೋ ಬೋಟಿನಿಂದಲೋ? ಅನುಮತಿಯನ್ನು ಯಾರಲ್ಲಿ ಕೇಳಬೇಕು? ನೀರಿಗೆ ಹತ್ತಿರವಾಗಿ ಹಾರಿಸಿದಾಗ ಡ್ರೋನು ತಾನಾಗಿಯೇ ಅತ್ತಿತ್ತ ಸರಿಯುವುದೇಕೆ?

ಉತ್ತರ – ಬೈಕಂಪಾಡಿ ಸ್ಟುಡಿಯೋ

ಮೊದಲು ಅನುಮತಿಯ ವಿಷಯ. 2021ರ ಡ್ರೋನ್ ನಿಯಮಗಳ ಪ್ರಕಾರ, ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವಿನ ಪ್ರದೇಶದಲ್ಲಿ 200 ಅಡಿಗಳವರೆಗೆ ಮಾತ್ರ ಹಸಿರು ವಲಯ (ಮುಂಚಿತ ಅನುಮತಿ ಬೇಡದ ವಲಯ) ಇರುತ್ತದೆ, 8 ಕಿ.ಮೀ. ಒಳಗಾದರೆ ನೆಲಮಟ್ಟದಿಂದಲೇ ಅನುಮತಿ ಬೇಕು. ಪಣಂಬೂರಿನಿಂದ ಬಜಪೆಯ ವಿಮಾನ ನಿಲ್ದಾಣಕ್ಕೆ ರಸ್ತೆಯಲ್ಲಿ ಸುತ್ತಿ ಹೋಗಬೇಕಾದರೂ ನೇರ ಅಂತರ ಹೆಚ್ಚೇನಿಲ್ಲ. ಆದ್ದರಿಂದ ಈ ವಲಯಗಳನ್ನು ತೋರಿಸುವ ಸರ್ಕಾರಿ ಜಾಲತಾಣ ಡಿಜಿಟಲ್ ಸ್ಕೈಯ ನಕ್ಷೆಯನ್ನು ಚಿತ್ರೀಕರಣದ ದಿನವೇ ಮತ್ತೊಮ್ಮೆ ನೋಡಿ. ಕಡಲಿನ ಮೇಲೆ ಯಾವ ವಲಯವೂ ಇಲ್ಲವೆಂದು ನಂಬಿರುವವರು ನಮ್ಮಲ್ಲಿ ಹಲವರಿದ್ದಾರೆ, ಅದು ತಪ್ಪು. ನಿಮ್ಮ ಡ್ರೋನು 250 ಗ್ರಾಂ ಮೀರಿರುವುದರಿಂದ ಅದು ‘ಮೈಕ್ರೋ’ ವರ್ಗಕ್ಕೆ ಸೇರುತ್ತದೆ. ನೋಂದಣಿ ಸಂಖ್ಯೆ ಇರಲೇಬೇಕು, ಮತ್ತು ಚಿತ್ರವನ್ನು ವಾಣಿಜ್ಯ ಉದ್ದೇಶಕ್ಕೆ ಮಾಡುತ್ತಿದ್ದರೆ ರಿಮೋಟ್ ಪೈಲಟ್ ಪ್ರಮಾಣಪತ್ರವೂ ಬೇಕು. ಇಷ್ಟಾದ ಮೇಲೂ ಬಂದರು ಪ್ರಾಧಿಕಾರಕ್ಕೆ ಲಿಖಿತ ಮನವಿ ಸಲ್ಲಿಸದೆ ಆ ಕಡೆ ಹೋಗಬೇಡಿ. ದಿನಾಂಕ, ವೇಳೆ, ಬೋಟಿನ ನೋಂದಣಿ ಸಂಖ್ಯೆ, ಹಾರಾಟದ ಗರಿಷ್ಠ ಎತ್ತರ ಇವೆಲ್ಲ ಮನವಿಯಲ್ಲಿಯೇ ಇದ್ದರೆ ಕಡತ ಬೇಗ ಮುಂದಕ್ಕೆ ಸಾಗುತ್ತದೆ.

ಉತ್ತರ – ರೆಕ್ಕೆ ರಿಪೇರಿ

ತಾಂತ್ರಿಕ ಭಾಗಕ್ಕೆ ನಾನು ಉತ್ತರಿಸುತ್ತೇನೆ. ಡ್ರೋನಿನ ಹೊಟ್ಟೆಯಲ್ಲಿರುವ ಕ್ಯಾಮೆರಾಗಳು ಕೆಳಗಿನ ನೆಲದ ಗುರುತುಗಳನ್ನು ಹಿಡಿದು ತಾನು ಸ್ಥಿರವಾಗಿದ್ದೇನೆಯೇ ಎಂಬುದನ್ನು ನಿರ್ಣಯಿಸುತ್ತವೆ. ಕೆಳಗೆ ಅಲೆಗಳೇ ಚಲಿಸುತ್ತಿದ್ದರೆ, ತಾನೇ ಸರಿಯುತ್ತಿದ್ದೇನೆಂದು ಭಾವಿಸಿ ಅದು ಅಲೆಯ ಹಿಂದೆ ಹೋಗುತ್ತದೆ. ಎತ್ತರವನ್ನು ಅಳೆಯುವ ಸೆನ್ಸರುಗಳೂ ಹೊಳೆಯುವ ನೀರಿನ ಮೇಲೆ ತಪ್ಪು ಲೆಕ್ಕ ಕೊಡುವುದುಂಟು. ಹತ್ತು ಹದಿನೈದು ಮೀಟರಿಗಿಂತ ಮೇಲೆ ಹಾರಿಸಿದರೆ ಸ್ಥಾನ ನಿರ್ಣಯಕ್ಕೆ ಅದು ಹೆಚ್ಚಾಗಿ ಉಪಗ್ರಹ ಸಂಕೇತಗಳನ್ನೇ ನೆಚ್ಚಿಕೊಳ್ಳುವುದರಿಂದ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ.

ದಡವೋ ಬೋಟೋ ಎಂಬುದಕ್ಕೆ ಲೆಕ್ಕವೇ ಉತ್ತರ ಹೇಳುತ್ತದೆ. 70 ಮಿ.ಮೀ. ಲೆನ್ಸಿನಲ್ಲಿ ಚೌಕಟ್ಟಿನ ಅಗಲವು ದೂರದ ಅರ್ಧಕ್ಕಿಂತ ತುಸು ಹೆಚ್ಚಿರುತ್ತದೆ. 230 ಮೀಟರ್ ಉದ್ದದ ಹಡಗು 3 ಕಿ.ಮೀ. ದೂರದಲ್ಲಿದ್ದರೆ ಚೌಕಟ್ಟಿನ ಏಳನೆಯ ಒಂದು ಭಾಗವನ್ನು ಮಾತ್ರ ತುಂಬುತ್ತದೆ. ಅದೇ ಹಡಗು 500 ಮೀಟರ್ ದೂರದಲ್ಲಿದ್ದರೆ ಚೌಕಟ್ಟು ಅಂಚಿನಿಂದ ಅಂಚಿಗೆ ತುಂಬಿಕೊಳ್ಳುತ್ತದೆ. ದಡದಿಂದ ಅಷ್ಟು ಹತ್ತಿರ ಹೋಗಬೇಕಾದರೆ ಡ್ರೋನು ನಿಮ್ಮ ಕಣ್ಣಿಗೆ ಕಾಣದಷ್ಟು ದೂರ ಸಾಗಬೇಕಾಗುತ್ತದೆ, ಅದಕ್ಕೆ ನಿಯಮದಲ್ಲಿ ಅವಕಾಶವಿಲ್ಲ. ಬೋಟನ್ನೇ ಅರ್ಧ ಕಿಲೋಮೀಟರ್ ದೂರಕ್ಕೆ ಒಯ್ದು ನಿಲ್ಲಿಸಿ, ಡ್ರೋನನ್ನು ಬೋಟಿನ ನೆತ್ತಿಯ ಸುತ್ತಮುತ್ತ ಇಟ್ಟುಕೊಂಡು, ಅನುಮತಿ ದೊರೆತ ಮಿತಿಯೊಳಗೆ ಐವತ್ತು ಅರುವತ್ತು ಮೀಟರ್ ಏರಿಸಿದರೆ ಸಾಕು. ಉಳಿದದ್ದನ್ನು ಲೆನ್ಸ್ ಮಾಡುತ್ತದೆ.

ಬೋಟಿನಲ್ಲಿ ಗಮನಿಸಬೇಕಾದ ಸಂಗತಿಗಳು ಬೇರೆ. ಉಕ್ಕಿನ ಮೈಯ ಬೋಟಾದರೆ ಡೆಕ್ಕಿನ ಮೇಲಿಟ್ಟ ಕೂಡಲೇ ದಿಕ್ಸೂಚಿ ತಪ್ಪು ತೋರಿಸುತ್ತದೆ. ಇನ್ನೊಬ್ಬರು ಡ್ರೋನನ್ನು ತಲೆಗಿಂತ ಮೇಲೆ ಎತ್ತಿ ಹಿಡಿದು ಅಲ್ಲಿಂದಲೇ ಹಾರಿಸುವುದೂ, ಮರಳಿದಾಗ ದಪ್ಪ ಕೈಗವಸು ತೊಟ್ಟು ಕೈಯಲ್ಲೇ ಹಿಡಿಯುವುದೂ ರೂಢಿ. ‘ಮನೆಗೆ ಮರಳು’ ಸೌಲಭ್ಯವನ್ನು ಕುರುಡಾಗಿ ನಂಬಬೇಡಿ. ನೀವು ಹಾರಿಸಿದ ಜಾಗಕ್ಕೆ ಅದು ಪ್ರಾಮಾಣಿಕವಾಗಿ ಮರಳುತ್ತದೆ, ಆದರೆ ಅಷ್ಟರಲ್ಲಿ ಬೋಟು ಅಲ್ಲಿರುವುದಿಲ್ಲ. ಮರಳುವ ಸ್ಥಾನವನ್ನು ಆಗಾಗ ರಿಮೋಟ್ ಇರುವ ಸ್ಥಾನಕ್ಕೆ ಬದಲಾಯಿಸುತ್ತಿರಿ.

ಉತ್ತರ – ಸೆಕೆಂಡ್ ಆಫೀಸರ್

ಹಡಗಿನ ಬ್ರಿಡ್ಜ್ (ಹಡಗನ್ನು ನಡೆಸುವ ಎತ್ತರದ ಕೊಠಡಿ) ಮೇಲೆ ನಿಂತು ನೋಡುವವರ ದೃಷ್ಟಿಯಿಂದ ಕೆಲವು ಮಾತು. 2004ರಿಂದ ಜಾರಿಯಲ್ಲಿರುವ ಐಎಸ್‌ಪಿಎಸ್ ಸಂಹಿತೆಯ (ಹಡಗು ಮತ್ತು ಬಂದರುಗಳ ಭದ್ರತೆಯ ಅಂತರರಾಷ್ಟ್ರೀಯ ನಿಯಮಾವಳಿಯ) ಕಾರಣ ಪ್ರತಿ ಹಡಗಿನಲ್ಲೂ ಒಬ್ಬ ಭದ್ರತಾ ಅಧಿಕಾರಿ ಇರುತ್ತಾರೆ. ಗುರುತಿಲ್ಲದ ಡ್ರೋನು ಕಂಡರೆ ನಾವು ಬಂದರಿನ ನಿಯಂತ್ರಣ ಕೊಠಡಿಗೆ ತಿಳಿಸುತ್ತೇವೆ. ಆದ್ದರಿಂದ ಹಡಗಿನ ಏಜೆಂಟರ ಮೂಲಕ ಕ್ಯಾಪ್ಟನ್ನರಿಗೆ ಮುಂಚಿತವಾಗಿ ಸುದ್ದಿ ಮುಟ್ಟಿಸಿ. ಪಣಂಬೂರಿಗೆ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರದ ಕಚ್ಚಾತೈಲ ತರುವ ಟ್ಯಾಂಕರುಗಳೂ ಎಲ್‌ಪಿಜಿ ಹಡಗುಗಳೂ ಬರುತ್ತವೆ. ಸುಲಭವಾಗಿ ಹೊತ್ತಿಕೊಳ್ಳುವ ಆವಿಯಿರುವ ಆ ಡೆಕ್ಕುಗಳಲ್ಲಿ ನಮ್ಮ ಮೊಬೈಲಿಗೇ ಪ್ರವೇಶವಿಲ್ಲದಿರುವಾಗ ಲಿಥಿಯಂ ಬ್ಯಾಟರಿಯ ಯಂತ್ರವೊಂದು ಮೇಲೆ ಹಾರಾಡುವುದನ್ನು ಯಾರೂ ಒಪ್ಪುವುದಿಲ್ಲ. ಅವುಗಳನ್ನು ನಿಮ್ಮ ಪಟ್ಟಿಯಿಂದಲೇ ತೆಗೆದುಹಾಕಿ.

ಇದಕ್ಕಿಂತಲೂ ಮುಖ್ಯವಾದದ್ದು ನಿಮ್ಮ ಬೋಟಿನ ಸುರಕ್ಷತೆ. ಡೆಕ್ಕಿನ ಮೇಲೆ ಕಂಟೈನರುಗಳನ್ನು ಎತ್ತರಕ್ಕೆ ಪೇರಿಸಿದಾಗ ಹಡಗಿನ ಮೂತಿಯ ಮುಂದಿನ ನೀರು ಬ್ರಿಡ್ಜಿಗೆ ಕಾಣುವುದಿಲ್ಲ. ಸೋಲಾಸ್ (ಕಡಲಿನಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ) ನಿಯಮವು ಈ ಮರೆಯನ್ನು ಹಡಗಿನ ಎರಡು ಪಟ್ಟು ಉದ್ದ ಅಥವಾ 500 ಮೀಟರ್, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ ಸೀಮಿತಗೊಳಿಸಿದೆ. 500 ಮೀಟರ್ ಎಂದರೆ ಅದರೊಳಗೆ ಒಂದು ಮೀನುಗಾರಿಕೆ ಬೋಟು ಪೂರ್ತಿಯಾಗಿ ಮಾಯವಾಗಬಲ್ಲದು. ಒಳಬರುವ ಹಡಗನ್ನು ಚಿತ್ರೀಕರಿಸುವಾಗ ಮಾರ್ಗದ ಎದುರಿಗಾಗಲಿ ಟಗ್‌ಗಳ ನಡುವೆಯಾಗಲಿ ಎಂದಿಗೂ ಹೋಗಬೇಡಿ, ಪಕ್ಕಕ್ಕೇ ಇರಿ. ಡ್ರೋನನ್ನು ತಿರುಗುತ್ತಿರುವ ರೇಡಾರಿನ ಸಮೀಪಕ್ಕೂ ಚಿಮಣಿಯ ಗಾಳಿಮರೆಗೂ ಒಯ್ಯಬೇಡಿ.

ಸುರತ್ಕಲ್‌ವಾಸಿ

ಎಲ್ಲರಿಗೂ ಧನ್ಯವಾದಗಳು. ಒಳಬರುವ ಹಡಗುಗಳನ್ನು ಸದ್ಯಕ್ಕೆ ಬಿಟ್ಟು, ಲಂಗರು ಹಾಕಿದ ಕಲ್ಲಿದ್ದಲು ಹಡಗೊಂದಕ್ಕಷ್ಟೇ ಅನುಮತಿ ಕೇಳಲಿದ್ದೇನೆ. ಬೆಳಿಗ್ಗೆ ಹೋಗುವುದೋ ಸಂಜೆಯೋ?

ಉತ್ತರ – ರೆಕ್ಕೆ ರಿಪೇರಿ

ಬೆಳಿಗ್ಗೆಯೇ ಹೋಗಿ, ಆದರೆ ಗಾಳಿಯ ದಿಕ್ಕನ್ನು ತಿಳಿದು ಹೋಗಿ. ನಮ್ಮ ಕರಾವಳಿಯಲ್ಲಿ ಮುಂಜಾನೆ ನೆಲಗಾಳಿ ಕಡಲ ಕಡೆಗೆ ಬೀಸುತ್ತದೆ. ಅದು ದುರ್ಬಲವಾದರೂ ಕೈತಪ್ಪಿದ ಡ್ರೋನನ್ನು ಆಚೆಗೇ ತಳ್ಳುತ್ತದೆ. ಮಧ್ಯಾಹ್ನದ ಕಡಲಗಾಳಿ ಡ್ರೋನನ್ನು ದಡದತ್ತ ತರುತ್ತದೆಯೆಂಬುದು ನಿಜ, ಆದರೆ ಆಗ ಅಲೆಗಳೆದ್ದು ಬೋಟು ತೂಗಾಡುತ್ತದೆ ಮತ್ತು ಸೂರ್ಯ ಹಡಗಿನ ಹಿಂದಕ್ಕೆ ಹೋಗಿರುವುದರಿಂದ ಕಪ್ಪು ಆಕೃತಿಯಷ್ಟೇ ಸಿಗುತ್ತದೆ. ಲಂಗರು ಹಾಕಿದ ಹಡಗು ಗಾಳಿಗೂ ನೀರಿನ ಸೆಳೆತಕ್ಕೂ ಮೂತಿ ಕೊಟ್ಟು ತಿರುಗುತ್ತಿರುತ್ತದೆ. ಚಳಿಗಾಲದಲ್ಲಿ ಸೂರ್ಯ ಆಗ್ನೇಯದಲ್ಲಿ ಏರುವುದರಿಂದ, ಹಡಗು ಪೂರ್ವಕ್ಕೆ ಮೂತಿ ಮಾಡಿ ನಿಂತಿದ್ದರೆ ನೀವು ಅದರ ದಕ್ಷಿಣ ಪಕ್ಕಕ್ಕೆ ಹೋಗಿ; ಬೆಳಕು ಬೀಳುವ ಮೈ ನಿಮಗೆ ಸಿಗುತ್ತದೆ. ನೀರಿನ ಝಳಪನ್ನು ತಗ್ಗಿಸಲು ಪೋಲರೈಸರ್ ಫಿಲ್ಟರ್ ಹಾಕಿ, ಬ್ಯಾಟರಿ ಅರ್ಧಕ್ಕೆ ಇಳಿದಾಗ ಡ್ರೋನನ್ನು ಇಳಿಸಿ. ದಡಕ್ಕೆ ಬಂದ ಮೇಲೆ ಮೋಟರುಗಳ ಸುತ್ತ ಕುಳಿತ ಉಪ್ಪನ್ನು, ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಅಂದೇ ಒರೆಸಿಬಿಡಿ.