ಎರಡಡಿ ಗಿಡದ ಟ್ಯಾಂಕಿಗೆ ತಳದಲ್ಲಿ ಯಾವ ಮಣ್ಣು, ಮೇಲೆ ಯಾವ ಮರಳು?

ಪ್ರಶ್ನೆ, ಬೆಂಗಳೂರಿನಿಂದ:

ಎಲ್ಲರಿಗೂ ನಮಸ್ಕಾರ. ಎರಡಡಿ ಅಕ್ವೇರಿಯಂ ಟ್ಯಾಂಕ್ ತಂದಿದ್ದೇನೆ, ಉದ್ದ 60 ಸೆಂಟಿಮೀಟರ್, ಅಗಲ 30. ನನಗೆ ಮೀನಿಗಿಂತ ಗಿಡದ ಆಸೆ ಜಾಸ್ತಿ. ಅಮೆಜಾನ್ ಸ್ವೋರ್ಡ್, ಕ್ರಿಪ್ಟೊಕೊರೈನ್, ಹಿಂದಕ್ಕೆ ವ್ಯಾಲಿಸ್ನೇರಿಯಾ, ಕಟ್ಟಿಗೆಯ ಮೇಲೆ ಜಾವಾ ಫರ್ನ್ ಬೆಳೆಸಬೇಕು ಅಂತಿದೆ. ಆಮೇಲೆ ಗಪ್ಪಿ, ಕೋರಿ ಮೀನು ಬಿಡೋಣ ಅಂತ. ಗಿಡಕ್ಕೆ ಕಾರ್ಬನ್ ಡೈಆಕ್ಸೈಡ್ ಕೊಡುವ ಸಿಲಿಂಡರ್ ಇಲ್ಲ, ಸದ್ಯಕ್ಕೆ ತರುವುದೂ ಇಲ್ಲ. ನೀರು ಬೋರ್‌ವೆಲ್‌ದು, ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತದೆ. ಒಂದು ಅಂಗಡಿಯಲ್ಲಿ ಅಕ್ವಾಸಾಯಿಲ್ ಇಲ್ಲದೆ ಗಿಡ ಬರುವುದೇ ಇಲ್ಲ ಅಂದರು, ಇನ್ನೊಂದರಲ್ಲಿ ಬಿಳಿ ಕಲ್ಲು ಸಾಕು ಅಂದರು. ಊರಿನ ತೋಟದಲ್ಲಿ ಒಳ್ಳೆ ಕೆಂಪು ಮಣ್ಣಿದೆ, ಅದನ್ನೇ ಹಾಕಬಹುದಾ? ಮೇಲೆ ಏನು ಹಾಕಬೇಕು, ಎಷ್ಟು ದಪ್ಪ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಮೈಸೂರಿನಿಂದ:

ನಿಮ್ಮ ನೀರು ಮತ್ತು ಗಿಡಗಳ ಪಟ್ಟಿ, ಎರಡನ್ನೂ ಬರೆದಿರುವುದು ಒಳ್ಳೇದಾಯಿತು. ಮಣ್ಣು ಯಾವುದು ಅನ್ನೋದನ್ನು ಅವೆರಡೇ ತೀರ್ಮಾನ ಮಾಡುತ್ತವೆ. ಚೀಲದ ಮೇಲಿನ ಹೆಸರು ಆಮೇಲಿನ ಮಾತು.

ಅಕ್ವಾಸಾಯಿಲ್ ಅಂದರೆ ಹದವಾಗಿ ಸುಟ್ಟು ಕಾಳು ಮಾಡಿದ ಮಣ್ಣು. ಅದು ಎರಡು ಕೆಲಸ ಮಾಡುತ್ತದೆ. ಬೇರಿಗೆ ಗೊಬ್ಬರ ಕೊಡುತ್ತದೆ, ಜೊತೆಗೆ ನೀರಿನ ಕಾರ್ಬೊನೇಟ್ ಗಡಸುತನ ಹೀರಿಕೊಂಡು ಪಿಎಚ್ ಅನ್ನು 7ರ ಕೆಳಗೆ ಇಳಿಸುತ್ತದೆ. ಮೆದು ನೀರು ಬೇಡುವ ನಾಜೂಕು ಗಿಡ, ಕ್ಯಾರಿಡಿನಾ ಸೀಗಡಿ ಸಾಕುವವರಿಗೆ ಈ ಎರಡನೇ ಕೆಲಸವೇ ಮುಖ್ಯ. ಆದರೆ ನಿಮ್ಮಂಥ ಗಡಸು ಬೋರ್‌ವೆಲ್ ನೀರಿನಲ್ಲಿ ಹೀರುವ ಶಕ್ತಿ ಬೇಗ ಮುಗಿಯುತ್ತದೆ. ಪ್ರತಿ ಸಲ ನೀರು ಬದಲಿಸಿದಾಗಲೂ ಹೊಸದಾಗಿ ಸುಣ್ಣ ಒಳಗೆ ಬರುತ್ತದೆ, ಅಲ್ವಾ? ಆರ್‌ಒ ನೀರು ಬೆರೆಸುವುದಾದರೆ ಸರಿ, ಇಲ್ಲದಿದ್ದರೆ ದುಡ್ಡು ಕೊಟ್ಟು ತಂದ ಗುಣದ ಅರ್ಧ ಭಾಗ ಸುಮ್ನೆ ಕರಗಿ ಹೋಗುತ್ತದೆ. ಗೊಬ್ಬರದ ಗುಣ ಉಳಿಯುತ್ತದೆ, ಅದು ನಿಜ.

ಇನ್ನು ನಿಮ್ಮ ಗಿಡ ನೋಡಿ. ವ್ಯಾಲಿಸ್ನೇರಿಯಾಗೆ ಗಡಸು ನೀರೇ ಇಷ್ಟ, ಅದು ನೀರಿನ ಬೈಕಾರ್ಬೊನೇಟಿನಿಂದಲೂ ಇಂಗಾಲ ತೆಗೆದುಕೊಳ್ಳುತ್ತದೆ. ಸ್ವೋರ್ಡ್, ಕ್ರಿಪ್ಟ್ (ಕ್ರಿಪ್ಟೊಕೊರೈನ್) ಎರಡೂ ಬೇರಿನಿಂದ ಉಣ್ಣುವ ಗಿಡಗಳು, ಗಡಸು ನೀರಿಗೆ ಹೊಂದಿಕೊಳ್ಳುತ್ತವೆ. ಜಾವಾ ಫರ್ನ್‌ಗೆ ಮಣ್ಣೇ ಬೇಡ. ಅದರ ಗೆಡ್ಡೆಯಂಥ ಕಾಂಡವನ್ನು ಹೂತರೆ ಕೊಳೆಯುತ್ತದೆ, ದಾರದಿಂದ ಕಟ್ಟಿಗೆಗೆ ಕಟ್ಟಿ. ಗಪ್ಪಿಗೂ ಗಡಸು ನೀರು ಒಗ್ಗುತ್ತದೆ. ಹಾಗಾಗಿ ನಿಮಗೆ ಬೇಕಿರುವುದು ನೀರು ಬದಲಾಯಿಸುವ ಮಣ್ಣಲ್ಲ, ಬೇರಿಗೆ ಊಟ ಕೊಡುವ ಮಣ್ಣು. ನಾನಾಗಿದ್ದರೆ ಕೆಂಪು ಮಣ್ಣು ಹಾಕಿ ಮೇಲೆ ಮರಳು ಮುಚ್ಚುತ್ತೇನೆ. ನನ್ನ ಮನೆಯಲ್ಲಿರುವುದೂ ಅದೇ, ಸ್ವೋರ್ಡ್ ಎಲೆ ನೀರಿನಿಂದ ಆಚೆ ಬರುತ್ತಿವೆ.

ಮಣ್ಣು ತರುವಾಗ ಔಷಧಿ, ಯೂರಿಯಾ ಬೀಳದ ಜಾಗದಿಂದ ತನ್ನಿ. ಮೇಲಿನ ಕಸ ಕೆರೆದು ಕೆಳಗಿನದನ್ನು ಅಗೆಯಿರಿ. ಬಕೆಟ್‌ನಲ್ಲಿ ನೀರು ಹಾಕಿ ಚೆನ್ನಾಗಿ ಕಲಕಿ, ಕೂರಲು ಬಿಟ್ಟು, ತೇಲುವ ಬೇರು, ಕಡ್ಡಿ, ಎಲೆಚೂರು ಎಲ್ಲ ಚೆಲ್ಲಿ. ತೇಲುವುದು ನಿಲ್ಲುವವರೆಗೂ ಇದನ್ನು ಮಾಡಬೇಕು, ಬೇಜಾರಾದರೂ ಬಿಡಬೇಡಿ, ಏಕೆಂದರೆ ಆ ಕಸವೇ ಮುಂದೆ ಮಣ್ಣಿನಡಿ ಕೊಳೆತು ವಾಸನೆ ಮಾಡುತ್ತದೆ. ಆಮೇಲೆ ಒಣಗಿಸಿ, ಜರಡಿ ಹಿಡಿದು, ಹಾಕುವಾಗ ಸ್ವಲ್ಪ ನೀರು ಚಿಮುಕಿಸಿ ಒದ್ದೆ ಮಾಡಿಕೊಳ್ಳಿ. ದಪ್ಪ 2ರಿಂದ 2.5 ಸೆಂಟಿಮೀಟರ್ ಸಾಕು. ಜಾಸ್ತಿ ಹಾಕಿದರೆ ಜಾಸ್ತಿ ಬೆಳೆಯುತ್ತೆ ಅಂತಲ್ಲ, ಒಳಗೆ ಗಾಳಿಯಾಡದೆ ಕೆಡುತ್ತದೆ ಅಷ್ಟೆ.

ಎರೆಹುಳು ಗೊಬ್ಬರ ಬೆರೆಸಬೇಕಾ ಅಂತ ಕೆಲವರು ಕೇಳುತ್ತಾರೆ. ಹತ್ತು ಪಾಲು ಮಣ್ಣಿಗೆ ಒಂದು ಪಾಲಿಗಿಂತ ಜಾಸ್ತಿ ಬೇಡ, ಹಾಕದೇ ಇದ್ದರೂ ನಡೆಯುತ್ತದೆ. ಕೆಂಪು ಮಣ್ಣಿನಲ್ಲಿ ಕಬ್ಬಿಣ ಇದೆ, ಸಾರಜನಕ ಕಮ್ಮಿ. ಆ ಕೊರತೆಯನ್ನು ಮೀನಿನ ಹಿಕ್ಕೆ ತುಂಬಿಕೊಡುತ್ತದೆ. ಹಸಿ ಸಗಣಿ, ಕೊಟ್ಟಿಗೆ ಗೊಬ್ಬರ ಖಂಡಿತ ಬೇಡ. ನರ್ಸರಿಯಲ್ಲಿ ಸಿಗುವ ಪಾಟಿಂಗ್ ಮಿಕ್ಸ್ ಕೂಡ ಬೇಡ, ಅದರಲ್ಲಿ ಕೊಕೊಪೀಟ್, ಪರ್ಲೈಟ್ ಇರುತ್ತದೆ, ಎಲ್ಲ ತೇಲಿ ಮೇಲೆ ಬರುತ್ತದೆ.

ಮಂಗಳೂರಿನಿಂದ:

ಮೇಲಿನ ಪದರದ ಬಗ್ಗೆ ನಾನೊಂದಿಷ್ಟು ಹೇಳುತ್ತೇನೆ. ನಮ್ಮ ಕಡೆ ಹಲವರು ಕಡಲ ದಂಡೆಯ ಮರಳು ಹಾಕಲು ಹೊರಡುತ್ತಾರೆ, ಬೇಡ ಅಂತ ಹೇಳಿ ಹೇಳಿ ಸಾಕಾಗಿದೆ. ಅದರಲ್ಲಿ ಚಿಪ್ಪಿನ ಚೂರು ತುಂಬಾ ಇರುತ್ತದೆ. ಚಿಪ್ಪು ಅಂದರೆ ಸುಣ್ಣವೇ, ನಿಧಾನಕ್ಕೆ ಕರಗಿ ನೀರನ್ನು ಇನ್ನೂ ಗಡಸು ಮಾಡುತ್ತದೆ. ನಿಮಗೆ ಅಂಗಡಿಯವರು ತೋರಿಸಿದ ಬಿಳಿ ಕಲ್ಲೂ ಹೆಚ್ಚಾಗಿ ಅಮೃತಶಿಲೆಯ ಚೂರು, ಅದೂ ಸುಣ್ಣದ ಜಾತಿಯೇ. ಪರೀಕ್ಷೆ ಸುಲಭ. ಒಂದು ಹಿಡಿ ಕಲ್ಲನ್ನು ಗಾಜಿನ ಲೋಟದಲ್ಲಿ ಹಾಕಿ, ಒಣಗಿರಬೇಕು, ಮೇಲೆ ಬಿಳಿ ವಿನೆಗರ್ ಸುರಿಯಿರಿ. ಕಲ್ಲಿನ ಮೈಯಿಂದ ಸಣ್ಣ ಗುಳ್ಳೆ ಸಾಲಾಗಿ ಏಳುತ್ತಾ ಇದ್ದರೆ ಸುಣ್ಣ ಇದೆ ಅಂತ ಅರ್ಥ. ಸುರಿದ ಕೂಡಲೇ ಸಂದಿಯಲ್ಲಿದ್ದ ಗಾಳಿ ನಾಲ್ಕು ಗುಳ್ಳೆಯಾಗಿ ಬರುತ್ತದೆ, ಅದನ್ನು ನೋಡಿ ಮೋಸ ಹೋಗಬೇಡಿ, ಸ್ವಲ್ಪ ಹೊತ್ತು ಕಾದು ನೋಡಿ. ನಿಮ್ಮ ಕೆಂಪು ಮಣ್ಣಿಗೂ ಇದೇ ಪರೀಕ್ಷೆ ಮಾಡಿ.

ಮುರಕಲ್ಲಿನ (ಲ್ಯಾಟರೈಟ್) ಪುಡಿ ಸಿಕ್ಕರೆ ಮಣ್ಣಿಗೆ ಒಂದು ಹಿಡಿ ಬೆರೆಸಬಹುದು, ಕಬ್ಬಿಣ ಚೆನ್ನಾಗಿದೆ. ಅದನ್ನೇ ಪೂರ್ತಿ ತಳ ಮಾಡಬೇಡಿ.

ಧಾರವಾಡದಿಂದ:

ಇದನ್ನು ನಮ್ಮ ಭಾಗದವರೂ ಓದುತ್ತಾರೆ ಅಂತ ಒಂದು ಮಾತು. ನಮ್ಮ ಎರೆಮಣ್ಣು ಗೊಬ್ಬರ ಹಿಡಿದಿಡುವುದರಲ್ಲಿ ಕೆಂಪು ಮಣ್ಣಿಗಿಂತ ಎಷ್ಟೋ ಗಟ್ಟಿ, ಆದರೆ ಟ್ಯಾಂಕಿಗೆ ತಲೆನೋವು. ನೀರಿಗೆ ಉಬ್ಬುತ್ತದೆ, ಒಂದು ಗಿಡ ಕಿತ್ತರೆ ವಾರಗಟ್ಟಲೆ ನೀರು ಕದಡಿರುತ್ತದೆ, ಮೇಲಾಗಿ ಬಹಳ ಕಡೆ ಅದರಲ್ಲಿ ಸುಣ್ಣದ ಹರಳು ಇರುತ್ತವೆ. ಬೇಕೇ ಬೇಕು ಅನ್ನುವವರು ಕೆಂಪು ಮಣ್ಣಿಗೆ ಸ್ವಲ್ಪ ಬೆರೆಸಿ, ಅಷ್ಟೇ.

ಮರಳಿನ ವಿಷಯ. ಹೊಳೆ ಮರಳು ಈಗ ಸುಲಭಕ್ಕೆ ಸಿಗುವುದಿಲ್ಲ, ಕಟ್ಟಡದ ಹತ್ತಿರ ಸಿಗುವುದು ಎಂ-ಸ್ಯಾಂಡ್. ಅದು ಕಲ್ಲು ಪುಡಿ ಮಾಡಿದ್ದು, ಅಂಚು ಚೂಪು, ಧೂಳು ವಿಪರೀತ. ನೀವು ಕೋರಿ ಬಿಡುತ್ತೇನೆ ಅಂದಿದ್ದೀರಿ. ಕೋರಿ ಮೀನು ಮೂತಿ ಮರಳಿಗೆ ತೂರಿಸಿ, ಬಾಯಿತುಂಬ ಮರಳು ತೆಗೆದು, ಕಿವಿರಿನ ಸಂದಿಯಿಂದ ಹೊರಗೆ ಬಿಡುತ್ತದೆ, ದಿನವಿಡೀ ಅದೇ ಕೆಲಸ. ಚೂಪು ಮರಳಲ್ಲಿ ಅದರ ಮೀಸೆ ಸವೆದು ಮೊಂಡಾಗುತ್ತದೆ, ನೋಡಲು ಸಂಕಟವಾಗುತ್ತದೆ. ಬೋರ್‌ವೆಲ್ ನೀರು ಸೋಸುವ ಸ್ಯಾಂಡ್ ಫಿಲ್ಟರಿಗೆ ಹಾಕುವ ಸಿಲಿಕಾ ಮರಳು ಕೇಳಿ. ಅಳತೆ ಪ್ರಕಾರ ಜರಡಿ ಹಿಡಿದಿರುತ್ತದೆ, ಸುಣ್ಣ ಇರುವುದಿಲ್ಲ. ಅಕ್ವೇರಿಯಂ ಅಂಗಡಿಯ ಚಿಕ್ಕ ಪ್ಯಾಕೆಟ್‌ಗಿಂತ ಅಗ್ಗ. 1ರಿಂದ 2 ಮಿಲಿಮೀಟರ್ ಕಾಳು, ಅಂಚು ಉರುಟಾಗಿರುವುದು ಸಿಕ್ಕರೆ ಬಿಡಬೇಡಿ.

ಮ್ಯೂನಿಕ್‌ನಿಂದ:

ಇಲ್ಲಿಯ ನಲ್ಲಿ ನೀರೂ ಗಡಸೇ, ಅದಕ್ಕೆ ಬರೆಯುತ್ತಿದ್ದೇನೆ. ಇಲ್ಲಿ ಜೆಬಿಎಲ್ ಅಕ್ವಾಬೇಸಿಸ್, ಡೆನರ್ಲೆ ಡೆಪೊನಿಟ್ ಮಿಕ್ಸ್ ಥರದ ಸಿದ್ಧ ತಳಪದರ ಪ್ಯಾಕೆಟ್‌ನಲ್ಲಿ ಬರುತ್ತದೆ. ಸುಮಾರು 2 ಸೆಂಟಿಮೀಟರ್ ಹರಡಿ ಮೇಲೆ ನಾಲ್ಕೈದು ಸೆಂಟಿಮೀಟರ್ ಸಣ್ಣ ಕಲ್ಲು ಮುಚ್ಚುತ್ತೇವೆ. ಲೆಕ್ಕ ನೋಡಿದರೆ ನೀವು ಮಾಡಹೊರಟಿರುವ ಕೆಂಪು ಮಣ್ಣಿನ ಪದ್ಧತಿಯೇ ಇದು, ಮಣ್ಣು ತೊಳೆಯುವ ಕೆಲಸವನ್ನು ಕಂಪನಿಯವರು ಮಾಡಿಕೊಟ್ಟಿರುತ್ತಾರೆ. ತೋಟ ಇಲ್ಲದವರಿಗೆ, ಸಮಯ ಇಲ್ಲದವರಿಗೆ ಒಳ್ಳೆ ದಾರಿ. ಇನ್ನೂ ಸುಲಭ ಬೇಕಾದರೆ ಬರೀ ಮರಳು ಹಾಕಿ, ಸ್ವೋರ್ಡ್ ಬುಡದಲ್ಲಿ ರೂಟ್ ಟ್ಯಾಬ್ (ಬೇರಿಗೆ ಕೊಡುವ ಗೊಬ್ಬರದ ಗುಳಿಗೆ) ಹೂಳಿ, ಮೂರು ನಾಲ್ಕು ತಿಂಗಳಿಗೊಮ್ಮೆ ಹೊಸದು ಹಾಕುತ್ತಿರಿ. ಗಿಡ ನಾಲ್ಕೇ ಇದ್ದರೆ ನಾನು ಇದನ್ನೇ ಮಾಡುತ್ತಿದ್ದೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೆಂಪು ಮಣ್ಣೇ ಅಂತ ಗಟ್ಟಿ ಮಾಡಿದೆ. ಎರಡು ಅನುಮಾನ ಉಳಿದಿವೆ. ಸ್ನೇಹಿತರೊಬ್ಬರು ಅಕ್ವಾಸಾಯಿಲ್ ಮೇಲೆ ನುಣ್ಣನೆ ಬಿಳಿ ಮರಳು ಹಾಕಿದ್ದಾರೆ, ಈಗ ಕಪ್ಪು ಕಾಳು ಮೇಲೆ, ಮರಳು ಕೆಳಗೆ ಆಗಿದೆ. ನನಗೂ ಹಾಗೆ ಆಗುತ್ತಾ? ಇನ್ನೊಂದು, ಮಣ್ಣಿನಿಂದ ಗುಳ್ಳೆ ಬಂದರೆ ಮೀನು ಸಾಯುತ್ತವೆ ಅಂತಾರೆ, ನಿಜವಾ?

ಮೈಸೂರಿನಿಂದ, ಮತ್ತೆ:

ಮೊದಲನೆಯದು ಕಾಳಿನ ಗಾತ್ರದ ಆಟ. ಸಣ್ಣ ಕಾಳು ದೊಡ್ಡದರ ಸಂದಿಯಲ್ಲಿ ಇಳಿಯುತ್ತದೆ, ದೊಡ್ಡದು ಹಗುರವೂ ಆಗಿದ್ದರೆ ಇನ್ನೂ ಬೇಗ ಮೇಲೆ ಬರುತ್ತದೆ. ಅಕ್ವಾಸಾಯಿಲ್ ಮೇಲೆ ನುಣ್ಣನೆ ಮರಳು ನಿಲ್ಲುವುದಿಲ್ಲ. ಅಸಲಿಗೆ ಅಕ್ವಾಸಾಯಿಲ್‌ಗೆ ಮೇಲುಪದರವೇ ಬೇಡ. 60 ಗುಣಿಸು 30ಕ್ಕೆ 9 ಲೀಟರ್ ಚೀಲ ಒಂದು ಸುರಿದರೆ 5 ಸೆಂಟಿಮೀಟರ್ ಬರುತ್ತದೆ, ಅಲ್ಲಿಗೆ ಮುಗಿಯಿತು. ಮುಂದೆ ಮರಳಿನ ಬಯಲು ಬೇಕಾದರೆ ನಡುವೆ ಕಲ್ಲು ಜೋಡಿಸಿ ಎರಡನ್ನೂ ಬೇರೆ ಬೇರೆ ಇಡಬೇಕು. ನಿಮ್ಮದು ಇದರ ತಿರುವುಮುರುವು. ಕೆಳಗೆ ನುಣ್ಣನೆ ಮಣ್ಣು, ಮೇಲೆ ಅದಕ್ಕಿಂತ ದಪ್ಪ ಮರಳು, ಹಾಗಾಗಿ ಪದರ ಇದ್ದ ಜಾಗದಲ್ಲೇ ಇರುತ್ತದೆ. ಆದರೆ ದಪ್ಪ ಅಂತ 5 ಮಿಲಿಮೀಟರ್ ಕಲ್ಲು ಹಾಕಿದರೆ ಸಂದಿಯಿಂದ ಮಣ್ಣು ಹೊಗೆಯ ಹಾಗೆ ಮೇಲೇಳುತ್ತದೆ. ಹಿಟ್ಟಿನಂಥ ಮರಳಾದರೆ ಗಟ್ಟಿಯಾಗಿ ಕೂತು ನೀರು ಇಳಿಯುವುದಿಲ್ಲ. ಧಾರವಾಡದವರು ಹೇಳಿದ 1ರಿಂದ 2 ಮಿಲಿಮೀಟರ್ ಸರಿಯಾದ ಹದ. ಎಲ್ಲಕ್ಕಿಂತ ಇದೊಂದನ್ನು ಸರಿ ಮಾಡಿಕೊಳ್ಳಿ, ಮಣ್ಣು ಸ್ವಲ್ಪ ಆಚೀಚೆ ಆದರೂ ಗಿಡ ಬರುತ್ತದೆ, ಮೇಲುಪದರ ತಪ್ಪಿದರೆ ಇಡೀ ಟ್ಯಾಂಕ್ ಬಿಚ್ಚಬೇಕು.

ಅಳತೆ ಹೇಳಿಬಿಡುತ್ತೇನೆ. ನಿಮ್ಮ ಟ್ಯಾಂಕಿಗೆ ಒಂದು ಸೆಂಟಿಮೀಟರ್ ದಪ್ಪಕ್ಕೆ 1.8 ಲೀಟರ್ ಬೇಕು. ಮಣ್ಣು ನಾಲ್ಕೂವರೆ ಲೀಟರ್ ಒಳಗೆ ಮುಗಿಯುತ್ತದೆ. ಮರಳು ಮೂರರಿಂದ ನಾಲ್ಕು ಸೆಂಟಿಮೀಟರ್ ಅಂದರೆ ಐದೂವರೆಯಿಂದ ಏಳು ಲೀಟರ್, ತೂಕದಲ್ಲಿ 8ರಿಂದ 11 ಕಿಲೋ. ಮರಳನ್ನು ನೀರು ತಿಳಿಯಾಗುವ ತನಕ ತೊಳೆಯಿರಿ. ಮಣ್ಣನ್ನು ಮುಂದಿನ ಗಾಜಿನವರೆಗೂ ತರಬೇಡಿ, ಎರಡು ಬೆರಳು ಜಾಗ ಬಿಟ್ಟು ಅಲ್ಲಿ ಬರೀ ಮರಳು ತುಂಬಿ. ಗಾಜಿಗೆ ತಾಗಿದ ಮಣ್ಣಿಗೆ ಬೆಳಕು ಬಿದ್ದರೆ ಅಲ್ಲೇ ಪಾಚಿ ಕಟ್ಟುತ್ತದೆ, ಒಳಗಿನಿಂದ ಉಜ್ಜಲು ಆಗುವುದಿಲ್ಲ. ಅಂಡರ್‌ಗ್ರಾವೆಲ್ ಫಿಲ್ಟರ್, ಅಂದರೆ ತಳದ ಕಲ್ಲಿನಡಿ ಇಡುವ ಫಿಲ್ಟರ್, ಇದ್ದರೆ ತೆಗೆದುಬಿಡಿ.

ಗುಳ್ಳೆಯ ಬಗ್ಗೆ. ಹೊಸ ಮಣ್ಣಿನಲ್ಲಿ ಉಳಿದ ಎಲೆ, ಬೇರಿನ ಚೂರು ಕೊಳೆಯುವಾಗ ಗುಳ್ಳೆ ಬರುತ್ತದೆ. ವಾಸನೆ ಇಲ್ಲದಿದ್ದರೆ ಚಿಂತೆ ಬೇಡ, ವಾರಕ್ಕೆ ಒಮ್ಮೆ ತೆಳ್ಳನೆ ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ ಬಿಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್, ಬೇರಿಗೂ ಮೀನಿಗೂ ವಿಷ. ಆಗ ನೀರು ಬದಲಿಸಿ, ಆ ಜಾಗದ ಮೇಲುಪದರ ತೆಳುಮಾಡಿ. ಇದಕ್ಕೆ ನಿಜವಾದ ಮದ್ದು ಬೇರು. ಭತ್ತದ ಗದ್ದೆಯಲ್ಲಿ ಆಗುವ ಹಾಗೇ ಇಲ್ಲೂ ಬೇರು ತನ್ನ ಸುತ್ತ ಆಮ್ಲಜನಕ ಬಿಡುತ್ತದೆ. ಯಾವತ್ತಾದರೂ ಒಂದು ಕ್ರಿಪ್ಟ್ ಮೆಲ್ಲಗೆ ಬಿಡಿಸಿ ನೋಡಿ, ಬಿಳಿ ಬೇರಿನ ಮೈಮೇಲೆ ತುಕ್ಕಿನ ಬಣ್ಣದ ತೆಳು ಲೇಪ ಕಾಣುತ್ತದೆ. ಮಣ್ಣಿನ ಕಬ್ಬಿಣ ಆ ಆಮ್ಲಜನಕ ತಾಗಿ ಅಲ್ಲಿ ಕೂತಿರುತ್ತದೆ. ಬೇರು ಕಪ್ಪಾಗಿ ಮೆತ್ತಗಾಗಿದ್ದರೆ ಮಾತ್ರ ತೊಂದರೆ.

ಅದಕ್ಕೇ ಮೊದಲ ದಿನವೇ ಒತ್ತಾಗಿ ಗಿಡ ನೆಡಿ. ಎರಡು ಸ್ವೋರ್ಡ್ ಇಟ್ಟು ಬೆಳೆಯಲಿ ಅಂತ ಕಾಯಬೇಡಿ. ದುಡ್ಡು ಉಳಿದದ್ದು ಗಿಡಕ್ಕೆ ಹೋಗಲಿ, ಬೇಗ ಬೆಳೆಯುವ ಹೈಗ್ರೊಫಿಲಾ ಒಂದಿಷ್ಟು ಸೇರಿಸಿ, ಆಮೇಲೆ ತೆಗೆದರಾಯಿತು. ಕ್ರಿಪ್ಟ್ ಎಲೆ ಮೊದಲ ವಾರಗಳಲ್ಲಿ ಕರಗಿ ಹೋಗುತ್ತದೆ, ಹೆದರಿ ಕೀಳಬೇಡಿ, ಬುಡದಿಂದ ಹೊಸ ಎಲೆ ಬರುತ್ತದೆ. ನೀರು ತುಂಬುವಾಗ ಮರಳಿನ ಮೇಲೆ ತಟ್ಟೆ ಇಟ್ಟು ಸಣ್ಣ ಪೈಪಿನಲ್ಲಿ ಬಿಡಿ. ಮೀನಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದಿದೆ ಅಂತ ಟೆಸ್ಟ್ ಕಿಟ್‌ನಲ್ಲಿ ಕಂಡ ಮೇಲೆ ಗಪ್ಪಿ ಬಿಡಿ, ನಾಲ್ಕರಿಂದ ಆರು ವಾರ ಹಿಡಿಯಬಹುದು. ಕೋರಿ ಇನ್ನೂ ತಡವಾಗಿ, ಮರಳು ಚೆನ್ನಾಗಿ ಕೂತ ಮೇಲೆ.

ಪ್ರಶ್ನೆ ಕೇಳಿದವರು:

ದೊಡ್ಡ ಸ್ವೋರ್ಡ್ ಮುಂದೆ ಯಾವಾಗಲಾದರೂ ತೆಗೆಯಬೇಕಾದರೆ ಮಣ್ಣೆಲ್ಲ ಎದ್ದು ಬರಲ್ವಾ?

ಮಂಗಳೂರಿನಿಂದ:

ಕೀಳಲೇಬೇಡಿ. ಬುಡದ ಹತ್ತಿರ ಮರಳೊಳಗೆ ಕತ್ತರಿ ಇಳಿಸಿ ಬೇರು ಕತ್ತರಿಸಿ, ಮೇಲಿನದನ್ನು ಮಾತ್ರ ಎತ್ತಿ. ಬೇರು ತುಂಬಾ ಇದ್ದರೆ ಸ್ವಲ್ಪ ಸ್ವಲ್ಪವಾಗಿ, ಎರಡು ಮೂರು ವಾರದಲ್ಲಿ ಸುತ್ತಲೂ ಕತ್ತರಿಸಿಕೊಂಡು ಬನ್ನಿ. ಒಳಗೆ ಉಳಿದದ್ದು ಅಲ್ಲೇ ಗೊಬ್ಬರ ಆಗುತ್ತದೆ. ಪಕ್ಕದಲ್ಲಿ ಒಂದು ಹಿಡಿ ತೊಳೆದ ಮರಳು ಇಟ್ಟುಕೊಂಡಿರಿ, ಗುಂಡಿ ಬಿದ್ದ ಕಡೆ ಕೂಡಲೇ ಮುಚ್ಚಬೇಕು.