ಡಬಲ್‌ನಿಂದ ಇಂಟ್‌ಗೆ: ಲೆಕ್ಕವೂ ಸರಿ ಬರ್ಬೇಕು, ಸ್ಪೀಡೂ ಬೇಕು, ಎಂತ ಮಾಡುದು?

ಪ್ರಶ್ನೆ, ಮಂಗಳೂರು ಬಂದರ್‌ನಿಂದ:
ಅಡಿಕೆ ಮಂಡಿಯ ಸಾಫ್ಟ್‌ವೇರ್, ಸಿ ಭಾಷೆಯಲ್ಲಿ ಉಂಟು. ತೂಕ ಕ್ವಿಂಟಾಲ್‌ನಲ್ಲಿ ಡಬಲ್ (ದಶಮಾಂಶ ಸಂಖ್ಯೆ) ಆಗಿ ಬರ್ತದೆ, ಕೆಜಿ ಮಾಡ್ಲಿಕ್ಕೆ ನೂರರಿಂದ ಗುಣಿಸಿ ಇಂಟ್‌ಗೆ (ಪೂರ್ಣಾಂಕಕ್ಕೆ) ಕಾಸ್ಟ್ ಮಾಡಿದ್ರೆ, ಅಂದ್ರೆ ಬದಲಾಯಿಸಿದ್ರೆ, 0.29ಕ್ಕೆ 29ರ ಬದಲು 28 ಕೆಜಿ ಬರ್ತದೆ. ರೌಂಡ್ ಮಾಡ್ಲಿಕ್ಕೆ ಹೋದ್ರೆ ಹಳೆ ರೆಕಾರ್ಡ್ ಎಲ್ಲ ಓಡಿಸುವಾಗ ಲೇಟಾಗ್ತದೆ. ಅನುಭವ ಇದ್ದವ್ರು ಹೇಳಿ.

ಸುರತ್ಕಲ್‌ನಿಂದ:
0.29 ಬೈನರಿಯಲ್ಲಿ ಸರಿಯಾಗಿ ಕೂರುದಿಲ್ಲ ಮಾರಾಯ್ರೆ, ಗುಣಿಸಿದ್ರೆ ಸಿಗುದು 28.999999999999996, ಕಾಸ್ಟ್ ಮಾಡಿದಾಗ ಪಾಯಿಂಟ್ ನಂತರದ್ದೆಲ್ಲ ಹಾರಿಹೋಗ್ತದೆ. ಬೆಳೆಗಾರನಿಗೆ ಒಂದು ಕೆಜಿ ಅಡಿಕೆ ಅಂದ್ರೆ ಸಣ್ಣ ವಿಷಯ ಅಲ್ಲ, ಮೊದ್ಲು ಲೆಕ್ಕ ಸರಿ ಮಾಡಿ. 0.5 ಕೂಡಿಸಿ ಫ್ಲೋರ್ ಮಾಡಿ (ಕೆಳಗಿನ ಪೂರ್ಣಾಂಕಕ್ಕೆ ಇಳಿಸಿ) ಅಂತ ಸುಮಾರು ಜನ ಹೇಳ್ತಾರೆ, ಬೇಡ, 0.49999999999999994 ಕೊಟ್ಟು ನೋಡಿ ಬೇಕಾದ್ರೆ, 0 ಬರ್ಬೇಕಾದಲ್ಲಿ 1 ಬರ್ತದೆ. ನಾವು ಬಳಸುದು ಎಲ್‌ರಿಂಟ್, ಹತ್ತಿರದ ಪೂರ್ಣಾಂಕ ಕೊಡುವ ಸಿ ಫಂಕ್ಷನ್. ಜಿಸಿಸಿ ಕಂಪೈಲರ್‌ಗೆ ನೋ-ಮ್ಯಾಥ್-ಎರ್ನೋ ಆಪ್ಷನ್ ಕೊಟ್ರೆ ಲೈಬ್ರರಿ ಕಾಲ್ ತಪ್ಪಿ ಇಂಟೆಲ್‌ನಲ್ಲಿ ಒಂದೇ ಇನ್‌ಸ್ಟ್ರಕ್ಷನ್ ಆಗ್ತದೆ, ಸ್ಪೀಡಿನ ಚಿಂತೆ ಅಲ್ಲಿಗೆ ಮುಗಿತು. ಆದ್ರೆ ಸರಿ ಅರ್ಧ ಬಂದ್ರೆ ಅದು ಸಮಸಂಖ್ಯೆ ಕಡೆ ಹೋಗ್ತದೆ, 2.5ಕ್ಕೆ 2, 3.5ಕ್ಕೆ 4. ಅರ್ಧ ಯಾವಾಗ್ಲೂ ಮೇಲೇ ಹೋಗ್ಬೇಕು ಅಂತ ಮಂಡಿಯವ್ರು ಹೇಳಿದ್ರೆ ಎಲ್‌ರೌಂಡ್ ಫಂಕ್ಷನ್ ಹಾಕಿ, ಇಂಟೆಲ್‌ನಲ್ಲಿ ಸ್ವಲ್ಪ ನಿಧಾನ, ಆದ್ರೂ ಅದೇ ಸರಿ.

ಮಣಿಪಾಲದಿಂದ:
ಸ್ಪೀಡ್‌ಗೋಸ್ಕರ ರೇಂಜ್ ಚೆಕ್ ಮಾತ್ರ ಬಿಡ್ಬೇಡಿ. ಇಂಟ್‌ನಲ್ಲಿ ಹಿಡಿಯದ ನಂಬರೋ ನ್ಯಾನ್ (ನಂಬರೇ ಅಲ್ಲ ಅನ್ನುವ ಗುರುತು) ಬಂದ್ರೋ ಕಾಸ್ಟ್‌ನ ಫಲ ಎಂತ ಅಂತ ಸಿ ಹೇಳುದೇ ಇಲ್ಲ, ಇಂಟೆಲ್‌ನಲ್ಲಿ ಸಾಮಾನ್ಯವಾಗಿ -2147483648 ಬರ್ತದೆ, ಆರ್ಮ್ ಪ್ರೊಸೆಸರ್‌ನಲ್ಲಿ ದೊಡ್ಡ ನಂಬರಿಗೆ 2147483647, ನ್ಯಾನ್‌ಗೆ 0, ಅಂದ್ರೆ ಲ್ಯಾಪ್‌ಟಾಪಲ್ಲಿ ಟೆಸ್ಟ್ ಮಾಡಿದ್ದು ಕೌಂಟರಿನ ಆರ್ಮ್ ಬೋರ್ಡಲ್ಲಿ ಬೇರೆಯೇ ಆಗ್ತದೆ. ಚೆಕ್ ಬರೆಯುವಾಗ್ಲೂ ಜಾಗ್ರತೆ, ಇಂಟ್‌ನ ಅತಿ ದೊಡ್ಡ ನಂಬರಾದ 2147483647 ಅನ್ನು 32 ಬಿಟ್ ಫ್ಲೋಟ್ (ಡಬಲ್‌ಗಿಂತ ಸಣ್ಣ ದಶಮಾಂಶ ವಿಧ) ಮಾಡಿದ್ರೆ 2147483648 ಆಗ್ತದೆ, ಹಾಗಾಗಿ "ಅದಕ್ಕಿಂತ ಕಡಿಮೆ ಅಥವಾ ಸಮ" ಅಂತ ಬರೆದ್ರೆ ಹಿಡಿಯದ ನಂಬರೇ ಒಳಗೆ ನುಗ್ತದೆ. 2147483648ಕ್ಕಿಂತ ಕಡಿಮೆ ಅಂತಲೇ ಬರೀರಿ. ರಸ್ಟ್ ಭಾಷೆಯಲ್ಲಿ 2020ರ 1.45 ವರ್ಶನ್‌ನಿಂದ ಇದನ್ನೆಲ್ಲ ಭಾಷೆಯೇ ನೋಡಿಕೊಳ್ತದೆ.

ಉಡುಪಿಯಿಂದ:
ರೌಂಡ್ ಮಾಡ್ಲಿಕ್ಕೆ ಡಬಲ್‌ಗೆ 6755399441055744 ಕೂಡಿಸಿ ಕೆಳಗಿನ 32 ಬಿಟ್ ಮಾತ್ರ ತೆಗೆದುಕೊಳ್ಳುವ ಹಳೆ ಉಪಾಯ ಯಾರಾದ್ರೂ ಹೇಳ್ಬಹುದು. ಕಾಸ್ಟ್ ಮಾಡ್ಲಿಕ್ಕೆ ರೌಂಡಿಂಗ್ ಮೋಡ್ ಬದಲಾಯಿಸ್ಬೇಕಿದ್ದ ಕಾಲದ್ದು ಅದು, ಈಗ ಬೇಡ.

ನಿಮ್ಮ ತೂಕದ ಮೆಷಿನ್ ತೂಕವನ್ನು ಅಕ್ಷರಗಳಾಗಿ ಕಳಿಸ್ತದಾ ನೋಡಿ. ಹೌದಾದ್ರೆ ಪಾಯಿಂಟ್ ನಂತರ ಎರಡು ಅಂಕೆ ಉಂಟು ಅಂತ ಖಾತ್ರಿ ಮಾಡಿ, ಒಂದೇ ಇದ್ರೆ ಸೊನ್ನೆ ಸೇರಿಸಿ, ಪಾಯಿಂಟ್ ತೆಗೆದು ನೇರ ಇಂಟಾಗಿ ಓದಿ, ಡಬಲ್‌ಗೆ ಹೋಗುದೇ ಬೇಡ. ಹಳೆ ರೆಕಾರ್ಡಿಗೆ ಎಲ್‌ರೌಂಡ್ ಹಾಕಿ ರಾತ್ರಿ ಓಡ್ಲಿಕ್ಕೆ ಬಿಡಿ.